ಸಹಾಯ ಬೇಕು: ನ್ಯಾನೋ ಪ್ಯಾಕ್ಲಿಟ್ಯಾಕ್ಸೆಲ್‌ನಿಂದ ಬೆರಳ ಜೋಮು ಹೆಚ್ಚುತ್ತದೆಯೇ?

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 58 ವರ್ಷ. ಸ್ತನ ಕ್ಯಾನ್ಸರ್ ಯಕೃತ್ತಿಗೆ ಹರಡಿದೆ, ಹರ್2 ನೆಗೆಟಿವ್ (ಕ್ಯಾನ್ಸರ್ ಕೋಶಗಳಲ್ಲಿ ಹರ್2 ಎಂಬ ಪ್ರೋಟೀನ್ ಹೆಚ್ಚಿಲ್ಲ). ಎರಡನೇ ಸಲ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋ ಔಷಧದ ಡ್ರಿಪ್ ಹಾಕಿದ ಹತ್ತೇ ನಿಮಿಷಕ್ಕೆ ಮುಖ ಕೆಂಪೇರಿ ಉಸಿರು ಕಟ್ಟಿತು. ಮೊದಲೇ ಸ್ಟೀರಾಯ್ಡ್ ಕೊಟ್ಟಿದ್ದರು. ನಿಲ್ಲಿಸಿ, ನಿಧಾನವಾಗಿ ಹಾಕಿ ನೋಡಿದರು. ಮತ್ತೆ ಹಾಗೆಯೇ ಆಯಿತು.

ಈಗ ವೈದ್ಯರು ಆಲ್ಬುಮಿನ್ ಎಂಬ ರಕ್ತದ ಪ್ರೋಟೀನ್ ಜೊತೆ ಬೆಸೆದ ನ್ಯಾನೋ ಪ್ಯಾಕ್ಲಿಟ್ಯಾಕ್ಸೆಲ್ ಸೂಚಿಸಿದ್ದಾರೆ. ಕಣಗಳು ಸುಮಾರು 130 ನ್ಯಾನೋಮೀಟರ್. ಹಳೆಯ ಔಷಧವನ್ನು ಕರಗಿಸಲು ಬಳಸುವ, ಹರಳೆಣ್ಣೆಯಿಂದ ತಯಾರಿಸಿದ ಕ್ರೆಮೊಫೋರ್ ಇದರಲ್ಲಿಲ್ಲ. ಅಲರ್ಜಿಗೆ ಬಹುಪಾಲು ಅದೇ ಕಾರಣವಂತೆ. ಅಮೆರಿಕದಲ್ಲಿ 2005ರಲ್ಲೇ ಒಪ್ಪಿಗೆ ಸಿಕ್ಕಿದೆ. ಇಷ್ಟು ಓದಿ ಸಮಾಧಾನವಾಗಿತ್ತು.

ಗೊಂದಲ ಮುಂದಿನದು. ‘ಇದು ನೇರ ಗಡ್ಡೆಗೇ ಹೋಗುತ್ತದೆ’ ಎಂದು ಔಷಧದ ಅಂಗಡಿಯವರು ಹೇಳಿದರು. ಹಾಗಿದ್ದರೆ ನರಗಳಿಗೆ ತೊಂದರೆ ಕಡಿಮೆ ಇರಬೇಕಲ್ಲವೇ? ಆದರೆ ಮೂರು ವಾರಕ್ಕೊಮ್ಮೆ ದೇಹದ ಮೇಲ್ಮೈಯ ಚದರ ಮೀಟರಿಗೆ 260 ಮಿ.ಗ್ರಾಂ ಕೊಟ್ಟ ಪ್ರಯೋಗದಲ್ಲಿ ತೀವ್ರ ನರಬಾಧೆ, 175 ಮಿ.ಗ್ರಾಂ ಹಳೆಯ ಔಷಧಕ್ಕಿಂತ ಹೆಚ್ಚೇ ಕಂಡುಬಂದಿದೆ. ಅಮ್ಮನ ಬೆರಳ ತುದಿ ಈಗಾಗಲೇ ಜೋಮು ಹಿಡಿದಿದೆ. ಮೊನ್ನೆ ಮಲ್ಲಿಗೆ ಕಟ್ಟಲು ಕುಳಿತವಳು, ದಾರ ಹಿಡಿತಕ್ಕೆ ಸಿಗದೆ ಬುಟ್ಟಿಯನ್ನು ಸುಮ್ಮನೆ ಪಕ್ಕಕ್ಕೆ ಸರಿಸಿಬಿಟ್ಟಳು. ನಲವತ್ತು ವರ್ಷ ದಿನವೂ ಹೂ ಕಟ್ಟಿದ ಕೈ ಅದು.

ವೈದ್ಯರ ಭೇಟಿ ಗುರುವಾರ. ಹಳೆಯ ಔಷಧದಿಂದ ಇದಕ್ಕೆ ಬದಲಾದವರು ದಯವಿಟ್ಟು ತಿಳಿಸಿ: ನಿಮ್ಮಲ್ಲಿ ಜೋಮು ಹೆಚ್ಚಿತೇ, ನಿಲ್ಲಿಸಿದ ಮೇಲೆ ಇಳಿಯಿತೇ? ಮೂರು ವಾರಕ್ಕೊಮ್ಮೆಯ ಬದಲು ವಾರಕ್ಕೊಮ್ಮೆ ಕಡಿಮೆ ಪ್ರಮಾಣದಲ್ಲಿ ಕೊಡಬಹುದೇ ಎಂದು ವೈದ್ಯರನ್ನು ಕೇಳುವುದು ಸರಿಯೇ?