ಕುಂಡದ ಗುಲಾಬಿ ಎರಡೇ ತಿಂಗಳಿಗೆ ಸೊರಗಿದೆ, ಯಾವ ಗೊಬ್ಬರ ಹಾಕಲಿ?

ಬೆಂಗಳೂರಿನಿಂದ ಪ್ರಶ್ನೆ, ಸೆಪ್ಟೆಂಬರ್ ಮೊದಲ ವಾರ:
ಮೂರನೇ ಮಹಡಿಯ ಬಾಲ್ಕನಿ, ಬೆಳಗ್ಗೆ ಏಳೂವರೆಯಿಂದ ಹನ್ನೊಂದೂವರೆವರೆಗೆ ಬಿಸಿಲು. ಜುಲೈನಲ್ಲಿ ತಂದ ಮೂರು ಗುಲಾಬಿ ಗಿಡ 8 ಇಂಚಿನ ಕುಂಡದಲ್ಲಿವೆ. ತಂದಾಗ ಇದ್ದ ಹೂ ಮುಗಿದ ಮೇಲೆ ಹೊಸ ಮೊಗ್ಗುಗಳು ಕಡಲೆ ಗಾತ್ರಕ್ಕೆ ಬಂದು ಕಂದಾಗಿ ಒಣಗುತ್ತಿವೆ. ಕೆಳಗಿನ ಎಲೆಗಳಲ್ಲಿ ಕಪ್ಪು ಚುಕ್ಕೆ, ಆಮೇಲೆ ಹಳದಿಯಾಗಿ ಉದುರುತ್ತವೆ. ಒಂದು ಗಿಡದ ಬುಡದಿಂದ ಉದ್ದನೆಯ ಕೊಂಬೆ ಹೊರಟಿದೆ, ಅದರಲ್ಲಿ ಹೂವಿಲ್ಲ. ಮನೆಯೊಳಗೆ ಪೀಸ್ ಲಿಲಿಯ ಎಲೆ ತುದಿ ಸುಟ್ಟಂತಾಗಿದೆ, ಮನಿ ಪ್ಲಾಂಟ್ ಸುತ್ತ ಸಣ್ಣ ಕಪ್ಪು ನೊಣ. ಎಲ್ಲಕ್ಕೂ ಬೋರ್‌ವೆಲ್ ನೀರು, ದಿನಾ ಒಂದೊಂದು ಮಗ್.

ಮೈಸೂರಿನಿಂದ:
ಗೊಬ್ಬರದ ಪ್ಯಾಕೆಟ್ ಸದ್ಯ ಬಿಚ್ಚಬೇಡಿ ಮೇಡಂ. ಮೊದಲು ಒಂದು ಗಿಡವನ್ನು ಕುಂಡದಿಂದ ತೆಗೆದು ಬೇರು ನೋಡಿ. ನರ್ಸರಿ ಗುಲಾಬಿಗಳು ಹೆಚ್ಚಾಗಿ ಅಂಟು ಜೇಡಿಮಣ್ಣಿನ ಉಂಡೆಯಲ್ಲಿ ಬರುತ್ತವೆ. ಲಾರಿಯಲ್ಲಿ ಬರುವಾಗ ಬೇರಿನ ಮಣ್ಣು ಕಳಚಬಾರದಲ್ಲ, ಅದಕ್ಕೆ. ಆ ಉಂಡೆಯನ್ನು ಹಾಗೇ ಹಗುರ ಮಣ್ಣಿನ ನಡುವೆ ಕೂರಿಸಿದರೆ ಎರಡೂ ಬೆರೆಯುವುದೇ ಇಲ್ಲ. ಒಣಗಿದರೆ ಇಟ್ಟಿಗೆಯಂತಾಗಿ, ಹಾಕಿದ ನೀರು ಪಕ್ಕದಿಂದ ಇಳಿದು ತೂತಿನಿಂದ ಹೋಗುತ್ತದೆ. ಮಳೆಗಾಲದಲ್ಲಿ ನೆನೆದರೆ ವಾರವಾದರೂ ಆರುವುದಿಲ್ಲ, ಬೇರು ಕೊಳೆಯುತ್ತದೆ. ಬೇರು ಬೆಳ್ಳಗೋ ತಿಳಿಗಂದಾಗಿಯೋ ಗಟ್ಟಿಯಾಗಿದ್ದರೆ ಚಿಂತೆಯಿಲ್ಲ. ಕಪ್ಪಾಗಿದ್ದು, ಎಳೆದರೆ ಸಿಪ್ಪೆ ಜಾರಿ ಒಳಗಿನ ದಾರದಂಥ ಎಳೆ ಮಾತ್ರ ಉಳಿದರೆ ಕೊಳೆತಿದೆ ಎಂದೇ ಅರ್ಥ, ಅಷ್ಟನ್ನು ಕತ್ತರಿಸಿ.

ಉಂಡೆಯನ್ನು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟು ಮುಕ್ಕಾಲು ಪಾಲು ಜೇಡಿ ತೊಳೆದುಬಿಡಿ. ಕುಂಡ 12 ಇಂಚಿನದಾದರೂ ಬೇಕು, ತಳದಲ್ಲಿ ನಾಲ್ಕೈದು ತೂತು. ಕೆಂಪು ಮಣ್ಣು 4 ಪಾಲು, ಎರೆಗೊಬ್ಬರ ಅಥವಾ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 3, ತೊಳೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) 2, ದಪ್ಪ ಮರಳು 1, ಜೊತೆಗೆ ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ. ಹಸಿ ಸಗಣಿ ಬೇಡವೇ ಬೇಡ, ಅದರ ಕಾವಿಗೆ ಬೇರು ಸುಡುತ್ತದೆ, ಗೊಣ್ಣೆಹುಳುವೂ ಸೇರಿಕೊಳ್ಳುತ್ತದೆ. ಕಸಿ ಮಾಡಿದ ಗಂಟು, ಅಂದರೆ ಕಾಡು ಗುಲಾಬಿಯ ಬುಡಕ್ಕೆ ಒಳ್ಳೆಯ ತಳಿ ಜೋಡಿಸಿದ ಜಾಗ, ಮಣ್ಣಿನಿಂದ ಒಂದೆರಡು ಇಂಚು ಮೇಲಿರಲಿ. ನೆಟ್ಟ ಮೇಲೆ ಒಂದು ವಾರ ನೆರಳು. ಇರುವ ಮೊಗ್ಗೆಲ್ಲ ಚಿವುಟಿ ಹಾಕಿ. ಮೂರು ವಾರ ಗೊಬ್ಬರ ಇಲ್ಲ.

ಬೆಂಗಳೂರು, ಬಸವನಗುಡಿಯಿಂದ:
ಮುಕ್ಕಾಲು ಪಾಲು ತೊಳೆಯುವುದು ಅತಿಯಾಯಿತು ಸರ್. ನೀರು ಹೀರುವುದು ಕೂದಲಿನಂಥ ಸಣ್ಣ ಬೇರುಗಳು. ಜೇಡಿಯ ಜೊತೆ ಅವೂ ಹೋಗುತ್ತವೆ, ಮರುದಿನವೇ ಎಲೆ ಜೋತುಬೀಳುತ್ತದೆ. ಬೇರು ಚೆನ್ನಾಗಿದ್ದರೆ ನೆನೆದ ಉಂಡೆಯ ಹೊರಗಿನ ಮೂರನೇ ಒಂದು ಪಾಲನ್ನು ಬೆರಳಲ್ಲಿ ಉದುರಿಸಿ, ಉಳಿದದ್ದಕ್ಕೆ ಪೆನ್ಸಿಲ್ ದಪ್ಪದ ಕಡ್ಡಿಯಿಂದ ನಾಲ್ಕೈದು ಕಡೆ ಚುಚ್ಚಿದರೆ ಸಾಕು.

ಆ ಹೂವಿಲ್ಲದ ಕೊಂಬೆಯ ವಿಷಯ. ಬುಡದ ಮಣ್ಣು ಸರಿಸಿ, ಅದು ಕಸಿ ಗಂಟಿನ ಕೆಳಗಿನಿಂದ ಬಂದಿದೆಯೋ ಮೇಲಿನಿಂದಲೋ ನೋಡಿ. ಕೆಳಗಿನಿಂದ ಬಂದಿದ್ದರೆ ಅದು ನಿಮ್ಮ ಗುಲಾಬಿಯಲ್ಲ, ಕೆಳಗಿನ ಕಾಡು ಗಿಡದ ಚಿಗುರು. ಬಣ್ಣ ತಿಳಿಹಸಿರು, ಮುಳ್ಳಿನ ರೀತಿ ಬೇರೆ, ಒಂದೊಂದು ಎಲೆಯಲ್ಲಿ ಹೆಚ್ಚಾಗಿ ಏಳು ಎಸಳು (ಕಿರು ಎಲೆ). ಆದರೆ ಎಸಳು ಎಣಿಸಿ ಮಾತ್ರ ತೀರ್ಮಾನಿಸಬೇಡಿ, ಒಳ್ಳೆಯ ಗುಲಾಬಿಗಳಲ್ಲೂ ಏಳು ಬರುವುದುಂಟು. ಹುಟ್ಟಿದ ಜಾಗವೇ ಸಾಕ್ಷಿ. ಕತ್ತರಿಯಿಂದ ಕತ್ತರಿಸಿದರೆ ಉಳಿದ ಮೋಟಿನಿಂದ ಮತ್ತೆ ಎರಡು ಮೂರು ಚಿಗುರುತ್ತವೆ. ಬುಡದಲ್ಲಿ ಹಿಡಿದು ಕೆಳಮುಖವಾಗಿ ಕಿತ್ತುಬಿಡಿ. ಗಂಟಿನ ಮೇಲಿನಿಂದ ಬಂದಿದ್ದರೆ ಮುಟ್ಟಬೇಡಿ, ಮುಂದಿನ ವರ್ಷದ ಹೂವೆಲ್ಲ ಅದರಲ್ಲೇ.

ಮೈಸೂರಿನಿಂದ ಮತ್ತೆ:
ಒಪ್ಪಿದೆ. ಕೊಳೆತ ಬೇರು ಕಂಡರೆ ಮಾತ್ರ ಪೂರ್ತಿ ತೊಳೆಯಿರಿ. ಇಲ್ಲವಾದರೆ ಮೂರನೇ ಒಂದು ಪಾಲು ಸಾಕು.

ಮಂಗಳೂರಿನಿಂದ:
ಕಪ್ಪು ಚುಕ್ಕೆ ರೋಗ ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಬಿಡುವುದಿಲ್ಲ. ಶಿಲೀಂಧ್ರದ ಬೀಜಕಣ ಮೊಳೆಯಲು ಎಲೆ ಗಂಟೆಗಟ್ಟಲೆ ಒದ್ದೆಯಾಗಿರಬೇಕು. ಹಾಗಾಗಿ ಸಂಜೆ ಗಿಡದ ತಲೆಯ ಮೇಲೆ ನೀರು ಸುರಿಯುವುದು ರೋಗವನ್ನು ಕರೆದು ಕೂರಿಸಿದ ಹಾಗೆ. ಬೆಳಗ್ಗೆ, ಬುಡಕ್ಕೆ ಮಾತ್ರ ಹಾಕಿ. ಚುಕ್ಕೆ ಬಿದ್ದ ಎಲೆ, ಉದುರಿದ ಎಲೆ ಎಲ್ಲ ಆರಿಸಿ ಕಸಕ್ಕೆ ಹಾಕಿ, ಕಾಂಪೋಸ್ಟಿಗೆ ಬೇಡ. ಕುಂಡಗಳ ನಡುವೆ ಒಂದಡಿ ಜಾಗ ಬಿಡಿ. ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕ ಲೀಟರಿಗೆ 2 ಗ್ರಾಂ, ಎಲೆಯ ಅಡಿಭಾಗಕ್ಕೂ ತಾಗುವಂತೆ, ಹತ್ತು ದಿನ ಬಿಟ್ಟು ಇನ್ನೊಮ್ಮೆ. ಕೈಗೆ ಗ್ಲೌಸ್, ಮುಖಕ್ಕೆ ಮಾಸ್ಕ್ ಇರಲಿ. ಚುಕ್ಕೆ ಬಿದ್ದ ಎಲೆ ಮತ್ತೆ ಹಸಿರಾಗುವುದಿಲ್ಲ. ಹೊಸ ಎಲೆಗೆ ಬರದಿದ್ದರೆ ಗೆದ್ದಂತೆ.

ಚಳಿಯಲ್ಲಿ ಎಲೆ ಮುದುರಿ ಬಿಳಿ ಪುಡಿ ಕಂಡರೆ ಅದು ಬೂದಿ ರೋಗ, ಇದಕ್ಕೆ ಎಲೆ ಒದ್ದೆಯಾಗಬೇಕೆಂದಿಲ್ಲ. ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂ. ಬೇವಿನೆಣ್ಣೆ ಹೊಡೆದಿದ್ದರೆ ಎರಡು ವಾರ ಗಂಧಕ ಬೇಡ, ಎಲೆ ಸುಡುತ್ತದೆ.

ಧಾರವಾಡದಿಂದ:
ಮೊಗ್ಗ ಯಾಕ ಒಣಗ್ತಾವ ಅನ್ನೂದ ಯಾರೂ ಹೇಳಲಿಲ್ಲಲ್ರಿ. ಒಂದು ಮೊಗ್ಗ ಹರಕೊಂಡು ಬಿಳಿ ಹಾಳಿ ಮ್ಯಾಲೆ ಬಿಡಿಸಿ ಜಾಡಿಸ್ರಿ. ದಾರದ ತುಂಡಿನಂಗ ಸಣ್ಣ ಹಳದಿ, ಕಂದು ಹುಳ ಓಡಾಡಿದ್ರ ಥ್ರಿಪ್ಸ್ ನುಸಿ. ಅಂಥಾ ಮೊಗ್ಗ ಎಲ್ಲಾ ತಗದು ಪ್ಲಾಸ್ಟಿಕ್ ಚೀಲದಾಗ ಕಟ್ಟಿ ಒಗೀರಿ. ಬೇವಿನೆಣ್ಣಿ 5 ಮಿಲಿ, ಪಾತ್ರಿ ತೊಳಿಯೂ ಲಿಕ್ವಿಡ್ 2 ಮಿಲಿ, ಮೊದಲ ಅವೆರಡನ್ನ ಕಲಿಸಿ, ಆಮ್ಯಾಲೆ ಒಂದು ಲೀಟರ್ ನೀರಿಗೆ ಹಾಕ್ರಿ. ಎಣ್ಣಿ ನೇರ ನೀರಿಗೆ ಹಾಕಿದ್ರ ತೇಲತೈತಿ, ಒಂದ ಎಲಿಗೆ ಬರೀ ಎಣ್ಣಿ, ಇನ್ನೊಂದಕ್ಕ ಬರೀ ನೀರು. ಸಂಜಿ ಮುಂದ, ವಾರಕ್ಕೊಮ್ಮೆ, ಮೂರು ಸಲ. ಹುಳ ಏನೂ ಕಾಣಲಿಲ್ಲಂದ್ರ ಬ್ಯಾನಿ ಬೇರಿನಾಗ ಐತಿ, ಮೈಸೂರಿನವರ ಮಾತು ಕೇಳ್ರಿ.

ಬಾಳೆಹಣ್ಣಿನ ಸಿಪ್ಪಿ ನೀರು, ತತ್ತಿ ಸಿಪ್ಪಿ ಅಂತ ವಿಡಿಯೋದಾಗ ತೋರಿಸ್ತಾರ. ತತ್ತಿ ಸಿಪ್ಪಿ ಕರಗಾಕ ವರ್ಷಗಟ್ಟಲೆ ಬೇಕು. ಚಿಗುರು ಎರಡು ಇಂಚ್ ಆದ ಮ್ಯಾಲೆ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮ ಇರೂ, ನೀರಿನಾಗ ಕರಗೂ ಗೊಬ್ಬರ) ಲೀಟರಿಗೆ 2 ಗ್ರಾಂ, ಹದಿನೈದು ದಿನಕ್ಕೊಮ್ಮೆ, ಹಸಿ ಮಣ್ಣಿಗೆ. ಒಣ ಮಣ್ಣಿಗೆ ಹಾಕಿದ್ರ ಬೇರು ಸುಡತಾವ.

ತುಮಕೂರಿನಿಂದ:
ಬೋರ್‌ವೆಲ್ ನೀರು ಅಂದಿರಿ. ಅದು ಗಡಸಾಗಿದ್ದರೆ ಕಾಲಕ್ರಮೇಣ ಮಣ್ಣು ಕ್ಷಾರವಾಗುತ್ತದೆ, ಆಗ ಕಬ್ಬಿಣ ಮಣ್ಣಿನಲ್ಲಿದ್ದರೂ ಬೇರಿಗೆ ಸಿಗುವುದಿಲ್ಲ. ಗುರುತು: ತುದಿಯ ಎಳೆಯ ಎಲೆ ಹಳದಿ, ನರ ಮಾತ್ರ ಹಸಿರು. ನಿಮ್ಮದು ಕೆಳಗಿನ ಎಲೆ, ಹಾಗಾಗಿ ಸದ್ಯ ಇದಲ್ಲ. ಮುಂದೆ ಕಂಡರೆ ಚೆಲೇಟೆಡ್ ಕಬ್ಬಿಣ (ಗಿಡ ಸುಲಭವಾಗಿ ಹೀರುವ ರೂಪದ ಕಬ್ಬಿಣ) ಲೀಟರಿಗೆ ಅರ್ಧ ಗ್ರಾಂ, ಎಲೆಗೆ ಸಿಂಪಡಿಸಿ.

ದಿನಾ ಒಂದು ಮಗ್ ಎಂಬ ಲೆಕ್ಕ ಬಿಡಿ. ಬೆರಳಿನ ಎರಡು ಗೆಣ್ಣು ಮಣ್ಣಿಗಿಳಿಸಿ. ಒಣಗಿದ್ದರೆ ತಳದಿಂದ ಹರಿಯುವಷ್ಟು ಹಾಕಿ, ತಂಪಿದ್ದರೆ ಸುಮ್ಮನಿರಿ.

ಬಸವನಗುಡಿಯಿಂದ ಮತ್ತೆ:
ಅಕ್ಟೋಬರ್ ಬಂತೆಂದು ಎಲ್ಲರೂ ಸಿಕೇಚರ್ (ಗಿಡ ಸವರುವ ಕತ್ತರಿ) ಹಿಡಿಯುತ್ತಾರೆ. ಈಗಷ್ಟೇ ಕುಂಡ ಬದಲಿಸಿದ ಗಿಡವನ್ನು ಈ ವರ್ಷ ಗಿಡ್ಡ ಮಾಡಿ ಸವರಬೇಡಿ. ಒಣಗಿದ್ದು, ಪೆನ್ಸಿಲ್‌ಗಿಂತ ತೆಳ್ಳಗಿದ್ದು, ಒಳಮುಖವಾಗಿ ಒಂದಕ್ಕೊಂದು ಉಜ್ಜುವ ಕೊಂಬೆ, ಇಷ್ಟು ತೆಗೆದರೆ ಆಯಿತು. ಮಳೆ ಬಿಡುವು ಕೊಟ್ಟ ಒಣ ದಿನ ನೋಡಿಕೊಳ್ಳಿ. ಹೊರಮುಖ ಕಣ್ಣಿನಿಂದ (ಚಿಗುರು ಮೂಡುವ ಗುರುತು) ಕಾಲು ಇಂಚು ಮೇಲೆ, ಕಣ್ಣಿನ ಹಿಂದಕ್ಕೆ ಇಳಿಜಾರಾಗುವಂತೆ ಕತ್ತರಿಸಿ. ಒಂದು ಇಂಚು ಮೋಟು ಬಿಟ್ಟರೆ ಅದು ಒಣಗುತ್ತಾ ಕಪ್ಪಾಗಿ ಕೆಳಗಿಳಿಯುತ್ತದೆ; ತುದಿ ಒಣಗುವ ರೋಗ ಶುರುವಾಗುವುದೇ ಅಲ್ಲಿಂದ. ಕತ್ತರಿಸಿದ ಮುಖದ ನಡುವೆ ಕಂದು ಕಂಡರೆ ಇನ್ನೂ ಕೆಳಕ್ಕೆ ಹೋಗಿ, ಬಿಳಿ ತಿರುಳು ಸಿಗುವವರೆಗೆ. ಕಾಪರ್ ಆಕ್ಸಿಕ್ಲೋರೈಡ್ ಎಂಬ ತಾಮ್ರದ ಶಿಲೀಂಧ್ರನಾಶಕವನ್ನು ಸ್ವಲ್ಪ ನೀರಲ್ಲಿ ಕಲಸಿ ಗಾಯಕ್ಕೆ ಹಚ್ಚಿ. ಸವರಿದ ಆರೇಳು ವಾರಕ್ಕೆ ಹೂ.

ಶಿವಮೊಗ್ಗದಿಂದ, ಮನೆಯೊಳಗಿನ ಗಿಡಗಳ ಬಗ್ಗೆ:
ಪೀಸ್ ಲಿಲಿಯ ತುದಿ ಸುಡುವುದಕ್ಕೆ ಹೆಚ್ಚಿನ ಸಲ ನೀರಿನ ಉಪ್ಪೇ ಕಾರಣ. ಕುಂಡದ ಅಂಚಿನಲ್ಲಿ ಬಿಳಿ ಪೊರೆ ಕಟ್ಟಿದೆಯಾ ನೋಡಿ. ಸಿಂಕಿನಲ್ಲಿಟ್ಟು, ಕುಂಡ ಹಿಡಿಯುವಷ್ಟರ ಮೂರು ಪಟ್ಟು ನೀರನ್ನು ನಿಧಾನವಾಗಿ ಹರಿಸಿ. ಮಳೆನೀರು ಹಿಡಿದರೆ ಇನ್ನೂ ಒಳ್ಳೆಯದು, ಈ ತಿಂಗಳು ಅದಕ್ಕೇನು ಬರ. ಎಲೆ ಜೋತಿದ್ದರೆ ಕೂಡಲೇ ನೀರು ಹಾಕಬೇಡಿ, ಕುಂಡ ಎತ್ತಿ ನೋಡಿ. ಹಗುರವಿದ್ದರೆ ಬಾಯಾರಿಕೆ, ಭಾರವಿದ್ದರೆ ಬೇರು ಕೊಳೆತಿದೆ.

ಕಪ್ಪು ನೊಣದ ಮರಿಗಳು ಒದ್ದೆ ಮೇಲ್ಮಣ್ಣಿನಲ್ಲಿ ಬೆಳೆಯುತ್ತವೆ. ಒಂದೂವರೆ ಇಂಚು ಒಣಗುವವರೆಗೆ ನೀರು ನಿಲ್ಲಿಸಿ, ಹಳದಿ ಅಂಟು ಕಾರ್ಡ್ ಮೂರ್ನಾಲ್ಕು ವಾರ ಇಡಿ. ಹಿಂಡಿ, ಕೊಟ್ಟಿಗೆ ಗೊಬ್ಬರ ಮನೆಯೊಳಗೆ ಬೇಡ. ಕೋಕೋಪೀಟ್ 2, ಪರ್ಲೈಟ್ (ಹಗುರವಾದ ಬಿಳಿ ಖನಿಜದ ಹರಳು) 1, ಎರೆಗೊಬ್ಬರ 1, ಇಷ್ಟೇ. ತಟ್ಟೆಯಲ್ಲಿ ನಿಂತ ನೀರು ಅರ್ಧ ಗಂಟೆಯಲ್ಲಿ ಚೆಲ್ಲಿ. ಮಗುವೋ ಬೆಕ್ಕೋ ಇದ್ದರೆ ಎರಡನ್ನೂ ಎತ್ತರದಲ್ಲಿಡಿ, ಎಲೆ ಅಗಿದರೆ ಬಾಯಿ ಉರಿದು ಊದುತ್ತದೆ.

ಮೈಸೂರಿನಿಂದ, ಕೊನೆಗೊಂದು:
ನಾಲ್ಕು ಗಂಟೆಯ ಬಿಸಿಲಿಗೆ ದೊಡ್ಡ ಹೂವಿನ ಗುಲಾಬಿ ಬದುಕೀತು, ಮೈತುಂಬ ಹೂ ಬಿಡದು. ಅದಕ್ಕೆ ಆರು ಗಂಟೆ ಬೇಕು. ತಾರಸಿಗೆ ಒಯ್ಯಲು ಅನುಮತಿಯಿದ್ದರೆ ಒಯ್ಯಿರಿ. ಇಲ್ಲವಾದರೆ ಮುಂದಿನ ಸಲ ಸಣ್ಣ ಹೂವಿನ ಬಟನ್ ರೋಸ್ ತನ್ನಿ. ಹೂವಿರುವ ಗಿಡಕ್ಕೆ ಮರುಳಾಗದೆ, ಕಸಿ ಗಂಟಿನ ಮೇಲೆ ಮೂರು ಹಸಿರು ಕೊಂಬೆ ಇರುವುದನ್ನು ಆರಿಸಿ.