ಹೈಕು ಓಎಸ್: ಪೆನ್‌ಡ್ರೈವ್‌ಗೆ ಹಾಕಿದ ಪೀಪಲ್ ಫೈಲ್‌ಗಳೆಲ್ಲ ಖಾಲಿ

ಪ್ರಶ್ನೆ: ಹೈಕು ಓಎಸ್‌ನ (ವಿಂಡೋಸ್ ತರಹ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಪೀಪಲ್ ಆ್ಯಪ್‌ನಲ್ಲಿ ಎಲ್ಲರ ಫೋನ್ ನಂಬರ್, ಇಮೇಲ್ ಇಟ್ಟಿದ್ದೆ. ಫ್ಯಾಟ್32 ಪೆನ್‌ಡ್ರೈವ್‌ಗೆ ಕಾಪಿ ಮಾಡಿ ಇನ್ನೊಂದು ಹೈಕು ಲ್ಯಾಪ್‌ಟಾಪ್‌ನಲ್ಲಿ ತೆಗೆದರೆ ಹೆಸರು ಮಾತ್ರ ಇದೆ, ಸೈಜ್ ಸೊನ್ನೆ. ಡಿಸ್ಕ್ ಕೆಟ್ಟಿದೆಯಾ? ತುಂಬಾ ಬೇಕಾದ ನಂಬರ್‌ಗಳು, ದಯವಿಟ್ಟು ಹೇಳಿ.

ಉತ್ತರ: ಗಾಬರಿ ಬೇಡ, ಡಿಸ್ಕ್‌ಗೆ ಏನೂ ಆಗಿಲ್ಲ. ಪೀಪಲ್ ಫೈಲ್‌ಗಳ ಸೈಜ್ ಸಾಮಾನ್ಯವಾಗಿ ಸೊನ್ನೆಯೇ, ಯಾಕಂದ್ರೆ ನಂಬರ್, ವಿಳಾಸ ಎಲ್ಲ ಆ್ಯಟ್ರಿಬ್ಯೂಟ್‌ಗಳಲ್ಲಿ (ಫೈಲ್‌ಗೆ ಅಂಟಿಕೊಂಡಿರುವ ಹೆಚ್ಚುವರಿ ಮಾಹಿತಿ) ಇರುತ್ತವೆ. ಹೈಕುವಿನ ಸ್ವಂತ ಡಿಸ್ಕ್ ಫಾರ್ಮ್ಯಾಟ್ ಬಿಎಫ್‌ಎಸ್ ಅವನ್ನು ಉಳಿಸಿಕೊಳ್ಳುತ್ತದೆ, ಫ್ಯಾಟ್32ನಲ್ಲಿ ಅದಕ್ಕೆ ಜಾಗವೇ ಇಲ್ಲ. ಹಳೇ ಕಂಪ್ಯೂಟರ್‌ನಲ್ಲಿ ಮೂಲ ಫೈಲ್ ಇದೆ ಅಲ್ವಾ? ಟರ್ಮಿನಲ್‌ನಲ್ಲಿ ಫೈಲ್ ಹೆಸರಿನ ಜೊತೆ ಲಿಸ್ಟ್‌ಆ್ಯಟರ್ ಕಮಾಂಡ್ (listattr -l) ಕೊಟ್ಟು ನೋಡಿ.

ಪ್ರಶ್ನೆ ಕೇಳಿದವರು: ಇದೆ ಸರ್, ನಂಬರ್ ಎಲ್ಲ ಕಾಣುತ್ತಿದೆ!

ಇನ್ನೊಂದು ಉತ್ತರ: ಹಾಗಾದ್ರೆ ಹೈಕುನಲ್ಲೇ ಜಿಪ್ ಮಾಡಿ ಆಮೇಲೆ ಕಾಪಿ ಮಾಡಿ, ಅಲ್ಲಿನ ಜಿಪ್ ಆ್ಯಟ್ರಿಬ್ಯೂಟ್ ಸಮೇತ ಕಟ್ಟುತ್ತದೆ. ಬಿಚ್ಚುವುದೂ ಹೈಕುನಲ್ಲೇ, ಬಿಎಫ್‌ಎಸ್ ಡಿಸ್ಕ್ ಮೇಲೆ.