ಬಾರೋ–ಲೆಂಡ್, ರೈಝ್–ರೇಝ್, ಲೈ–ಲೇ: ಅದಲುಬದಲಾಗದಂತೆ ನೆನಪಿಟ್ಟುಕೊಳ್ಳೋದು ಹೇಗೆ?

ಪ್ರಶ್ನೆ: ಕನ್ನಡ ಮಾಧ್ಯಮದಲ್ಲಿ ಓದಿದವನು, ಈಗ ಆಫೀಸಲ್ಲಿ ದಿನಾ ಇಂಗ್ಲಿಷ್ ಮೇಲ್ ಬರೀಬೇಕು. ಟೆನ್ಸ್ ಹೇಗೋ ನಿಭಾಯಿಸ್ತೀನಿ, ಕ್ರಿಯಾಪದ ಆರಿಸೋದ್ರಲ್ಲೇ ಎಡವಟ್ಟು. ಬಾರೋ–ಲೆಂಡ್, ಸೇ–ಟೆಲ್, ರಿಮೆಂಬರ್–ರಿಮೈಂಡ್, ರೈಝ್–ರೇಝ್, ಲೈ–ಲೇ. ಅರ್ಥ ಗೊತ್ತು, ಬರೆಯುವಾಗ ಅದಲುಬದಲಾಗುತ್ತೆ. ಸ್ಪೆಲ್‌ಚೆಕ್ಕೂ ಹಿಡಿಯಲ್ಲ. ಗೊತ್ತಿದ್ದವರು ದಾರಿ ಹೇಳಿ.

ಹೈಸ್ಕೂಲ್ ಮೇಷ್ಟ್ರು: ಎರಡೂ ಸರಿಯಾದ ಪದಗಳೇ ಆದ್ದರಿಂದ ಸ್ಪೆಲ್‌ಚೆಕ್ ಸುಮ್ಮನಿರುತ್ತೆ. ಕೊನೆಯ ಎರಡು ಜೋಡಿಗೆ ನೀವು ಶಾಲೆಯಲ್ಲಿ ಕಲಿತ ಸಕರ್ಮಕ–ಅಕರ್ಮಕವೇ ಸಾಕು. ಕ್ರಿಯಾಪದಕ್ಕೆ ‘ಏನನ್ನು?’ ಅಂತ ಕೇಳಿ. ‘ಬೆಲೆ ಏರಿತು’: ಏನನ್ನು ಅನ್ನೋ ಪ್ರಶ್ನೆಯೇ ಇಲ್ಲಿ ಹೊಂದಲ್ಲ, ಹಾಗಾಗಿ ದ ಪ್ರೈಸ್ ರೋಝ್. ‘ಕಂಪನಿ ಬೆಲೆ ಏರಿಸಿತು’: ಏನನ್ನು? ಬೆಲೆಯನ್ನು. ದ ಕಂಪನಿ ರೇಝ್ಡ್ ದ ಪ್ರೈಸ್. ಕನ್ನಡದಲ್ಲಿ ‘ಇಸು’ ಮಾಡೋ ಕೆಲಸಕ್ಕೆ ಇಂಗ್ಲಿಷ್ ಇಲ್ಲಿ ಬೇರೆ ಪದವನ್ನೇ ಇಟ್ಟುಕೊಂಡಿದೆ. ಏರು ಅಂದ್ರೆ ರೈಝ್, ಏರಿಸು ಅಂದ್ರೆ ರೇಝ್.

ರೂಪಗಳನ್ನ ಬಾಯಿಪಾಠ ಮಾಡಲೇಬೇಕು, ಅದಕ್ಕೆ ಅಡ್ಡದಾರಿ ಇಲ್ಲ. ರೈಝ್–ರೋಝ್–ರಿಝನ್. ರೇಝ್–ರೇಝ್ಡ್–ರೇಝ್ಡ್. ಉಚ್ಚಾರಣೆಯಲ್ಲಿ ಕೊನೆಗೆ ‘ಝ್’ ಬರಬೇಕು. ‘ಸ್’ ಅಂದ್ರೆ ಒಂದು ಅನ್ನವಾಗುತ್ತೆ, ಇನ್ನೊಂದು ಓಟದ ಪಂದ್ಯ.

ಲೈ–ಲೇ ನಿಜಕ್ಕೂ ತಲೆನೋವೇ, ಯಾಕಂದ್ರೆ ಒಂದರ ಭೂತಕಾಲವೇ ಇನ್ನೊಂದರ ಮೂಲರೂಪ:

ಲೈ – ಲೇ – ಲೇನ್: ಮಲಗು, ಬಿದ್ದಿರು
ಲೇ – ಲೇಡ್ – ಲೇಡ್: ಇಡು, ಹಾಸು, (ಮೊಟ್ಟೆ) ಇಡು
ಲೈ – ಲೈಡ್ – ಲೈಡ್: ಸುಳ್ಳು ಹೇಳು

ಫೈಲ್ ನಿನ್ನೆಯೆಲ್ಲ ಮೇಜಿನ ಮೇಲೇ ಬಿದ್ದಿತ್ತು: ದ ಫೈಲ್ ಲೇ ಆನ್ ದ ಟೇಬಲ್ ಆಲ್ ಡೇ. ನಾನು ಅದನ್ನ ಮೇಜಿನ ಮೇಲೆ ಇಟ್ಟೆ: ಐ ಲೇಡ್ ಇಟ್ ಆನ್ ದ ಟೇಬಲ್. ಇಂಗ್ಲಿಷೇ ಮನೆಮಾತಾಗಿರುವವರೂ ಮಾತಾಡುವಾಗ ಇದನ್ನ ಕಲಸಿಬಿಡ್ತಾರೆ, ಬರವಣಿಗೆಯಲ್ಲಿ ಮಾತ್ರ ತಪ್ಪೇ. ‘ಇಡು’ ಅನ್ನೋ ಅರ್ಥಕ್ಕೆ ಅನುಮಾನ ಬಂದರೆ ಪುಟ್ ಬಳಸಿ. ಅದರ ಮೂರೂ ರೂಪ ಒಂದೇ.

ಅನುವಾದಕಿ, ಧಾರವಾಡ: ಮೇಷ್ಟ್ರ ‘ಇಸು’ ಸೂತ್ರ ಚಲೋ ಐತಿ, ಆದ್ರ ಎಲ್ಲಾ ಕಡೆ ನಡಿಯೂದಿಲ್ರಿ. ‘ಕೇಳಿಸು’, ‘ಕಾಣಿಸು’ ನೋಡ್ರಿ. ‘ನಂಗ ಸಪ್ಪಳ ಕೇಳಿಸ್ತು’ ಅಂದ್ರ ನಾವು ಏನೂ ಮಾಡಿಲ್ಲ, ತಾನಾಗೇ ಕಿವಿಗೆ ಬಿತ್ತು. ಅದು ಹಿಯರ್. ಬೇಕಂತ ಕಿವಿಗೊಟ್ರ ಲಿಸನ್. ‘ಕಾಣಿಸ್ತು’ ಅಂದ್ರ ಸೀ, ಬೇಕಂತ ಕಣ್ಣು ಹಾಯಿಸಿದ್ರ ಲುಕ್, ಕುಂತು ನೋಡಿದ್ರ ವಾಚ್.

ಕನ್ನಡದ ‘ಕೇಳು’ ಒಂದೇ ಮೂರು ಕೆಲಸ ಮಾಡ್ತದ, ತಪ್ಪು ಹುಟ್ಟೂದು ಅಲ್ಲೇ. ‘ಅವರನ್ನ ಕೇಳು’ ಆಸ್ಕ್, ‘ಹಾಡು ಕೇಳು’ ಲಿಸನ್, ‘ಸುದ್ದಿ ಕೇಳಿದೆ’ ಹಿಯರ್. ಲಿಸನ್ ಆದಮ್ಯಾಲೆ ಕರ್ಮ ಬಂದ್ರ ನಡುವ ‘ಟು’ ಬೇಕು: ಲಿಸನ್ ಟು ಮಿ. ಆಸ್ಕ್‌ಗೆ ಬ್ಯಾಡ: ಆಸ್ಕ್ ಹಿಮ್. ‘ಆಸ್ಕ್ ಟು ಹಿಮ್’ ಅಂತ ಬರದ್ರ ತಪ್ಪು. ಕಾಲ್‌ನ್ಯಾಗ ‘ನನ್ನ ದನಿ ಕೇಳಿಸ್ತದೇನು’ ಅನ್ನಾಕ ಕ್ಯಾನ್ ಯು ಹಿಯರ್ ಮಿ ಅನ್ರಿ. ‘ಆರ್ ಯು ಲಿಸನಿಂಗ್’ ಅಂದ್ರ ‘ಲಕ್ಷ್ಯ ಕೊಡಾಕತ್ತೀರೋ ಇಲ್ಲೋ’ ಅಂತ ಗದರಿಸಿದಂಗ ಆಗ್ತದ.

ಬ್ಯಾಂಕ್ ಉದ್ಯೋಗಿ: ಬಾರೋ–ಲೆಂಡ್‌ಗೆ ಸಾಲದ ಪತ್ರ ನೋಡಿದರೆ ಸಾಕು. ಬ್ಯಾಂಕ್ ಲೆಂಡರ್, ಗ್ರಾಹಕ ಬಾರೋವರ್. ನಮ್ಮಲ್ಲಿ ಸಾಲ ಅನ್ನೋ ಪದ ಎರಡೂ ಕಡೆಗೆ ಒಂದೇ. ದಿಕ್ಕು ತೋರಿಸೋದು ‘ಕೊಡು’, ‘ತಗೋ’. ಇಂಗ್ಲಿಷಲ್ಲಿ ದಿಕ್ಕು ಕ್ರಿಯಾಪದದೊಳಗೇ ಇದೆ. ಮನಸ್ಸಲ್ಲಿ ‘ಕೊಡು’ ಬಂದರೆ ಲೆಂಡ್, ‘ತಗೋ’ ಬಂದರೆ ಬಾರೋ. ಬಾರೋ ಜೊತೆ ಫ್ರಮ್, ಲೆಂಡ್ ಜೊತೆ ಟು ಅಥವಾ ನೇರವಾಗಿ ವ್ಯಕ್ತಿ. ‘ಕ್ಯಾನ್ ಯು ಬಾರೋ ಮಿ ಯುವರ್ ಚಾರ್ಜರ್’ ಅನ್ನೋದು ಆಫೀಸಲ್ಲಿ ದಿನಾ ಕಿವಿಗೆ ಬೀಳುತ್ತೆ. ಲೆಂಡ್ ಮಿ ಅನ್ನಿ, ಇಲ್ಲಾಂದ್ರೆ ಕ್ಯಾನ್ ಐ ಬಾರೋ ಅನ್ನಿ. ಭೂತಕಾಲ ಲೆಂಟ್, ‘ಲೆಂಡೆಡ್’ ಅಲ್ಲ.

ಮೇಲ್ ತಿದ್ದುವವ: ಸೇ–ಟೆಲ್‌ನಲ್ಲಿ ಅರ್ಥ ನೋಡಬೇಡಿ, ಪಕ್ಕದಲ್ಲಿ ಯಾರಿದ್ದಾರೆ ನೋಡಿ. ಕೇಳುವ ವ್ಯಕ್ತಿ ಕ್ರಿಯಾಪದಕ್ಕೆ ಅಂಟಿಕೊಂಡೇ ಬಂದರೆ ಟೆಲ್: ಹಿ ಟೋಲ್ಡ್ ಮಿ. ಇಲ್ಲದಿದ್ದರೆ ಸೇ: ಹಿ ಸೆಡ್ ದಟ್. ವ್ಯಕ್ತಿಯನ್ನ ತರಲೇಬೇಕು ಅಂದ್ರೆ ಸೆಡ್ ಟು ಮಿ. ‘ಸೆಡ್ ಮಿ’ ಇಲ್ಲವೇ ಇಲ್ಲ. ಟೆಲ್ ದ ಟ್ರೂತ್, ಟೆಲ್ ಎ ಲೈ, ಟೆಲ್ ಎ ಸ್ಟೋರಿ ಇಂಥವು ವ್ಯಕ್ತಿ ಇಲ್ಲದೆಯೂ ನಡೀತವೆ, ಹಾಗೇ ಕಲಿತುಬಿಡಿ. ‘ಎಕ್ಸ್‌ಪ್ಲೇನ್ ಮಿ’, ‘ಸಜೆಸ್ಟ್ ಮಿ’ ಎರಡೂ ತಪ್ಪು, ಅಲ್ಲೂ ‘ಟು’ ಬೇಕು. ಡಿಸ್ಕಸ್ ಮುಂದಿನ ‘ಅಬೌಟ್’ ಕಿತ್ತುಹಾಕಿ.

ರಿಮೆಂಬರ್ ಅಂದ್ರೆ ನೆನಪಿಡು, ರಿಮೈಂಡ್ ಅಂದ್ರೆ ನೆನಪಿಸು. ‘ಪ್ಲೀಸ್ ರಿಮೆಂಬರ್ ಮಿ ಟುಮಾರೋ’ ಅಂತ ಕಳಿಸಿದರೆ ಓದಿದವರಿಗೆ ‘ನಾಳೆ ನನ್ನನ್ನ ನೆನೆಸಿಕೊಳ್ಳಿ’ ಅಂತ ಅರ್ಥವಾಗುತ್ತೆ, ಗಾಬರಿಯಾದಾರು! ಇನ್ನೊಂದು ಸೂಕ್ಷ್ಮ: ರಿಮೆಂಬರ್ ಟು ಲಾಕ್ ಅಂದ್ರೆ ಬೀಗ ಹಾಕೋದನ್ನ ಮರೀಬೇಡ. ಐ ರಿಮೆಂಬರ್ ಲಾಕಿಂಗ್ ಅಂದ್ರೆ ಬೀಗ ಹಾಕಿದ್ದು ನೆನಪಿದೆ.

ಹೈಸ್ಕೂಲ್ ಮೇಷ್ಟ್ರು: ಧಾರವಾಡದ ಮೇಡಂ ಹೇಳಿದ್ದು ಸರಿ, ಕೇಳು–ನೋಡು ಗುಂಪಿಗೆ ನನ್ನ ಸೂತ್ರ ಬೇಡ. ಇನ್ನೊಂದು ಸೇರಿಸ್ತೀನಿ: ಫೈಂಡ್–ಫೌಂಡ್–ಫೌಂಡ್ ಅಂದ್ರೆ ಹುಡುಕಿ ಪಡೆ, ಫೌಂಡ್–ಫೌಂಡೆಡ್–ಫೌಂಡೆಡ್ ಅಂದ್ರೆ ಸ್ಥಾಪಿಸು. ಮೈಸೂರು ವಿಶ್ವವಿದ್ಯಾಲಯ ವಾಸ್ ಫೌಂಡೆಡ್ ಇನ್ 1916. ಬರೀ ‘ವಾಸ್ ಫೌಂಡ್’ ಅಂದ್ರೆ ಕಳೆದುಹೋಗಿದ್ದು ಆ ವರ್ಷ ಸಿಕ್ಕಿತು ಅಂತಾಗುತ್ತೆ. ಕಲಿಯುವವರ ನಿಘಂಟುಗಳಲ್ಲಿ ಕ್ರಿಯಾಪದದ ಪಕ್ಕ ಟಿ ಅಂತಿದ್ದರೆ ಸಕರ್ಮಕ, ಐ ಅಂತಿದ್ದರೆ ಅಕರ್ಮಕ. ಅರ್ಥಕ್ಕಿಂತ ಮೊದಲು ಆ ಅಕ್ಷರ ನೋಡಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ಕ್ಲೈಂಟಿಗೆ ಹೋಗಬೇಕಾದ ಈ ಮೇಲ್ ನೋಡಿ: ‘ಐ ಸೆಡ್ ಹಿಮ್ ಟು ರಿಮೆಂಬರ್ ಯು ಅಬೌಟ್ ದ ಇನ್‌ವಾಯ್ಸ್. ಹಿ ವಿಲ್ ರೈಝ್ ಎ ಟಿಕೆಟ್.’

ಮೇಲ್ ತಿದ್ದುವವ: ಮೂರು ಕಡೆ ತಿದ್ದಬೇಕು. ‘ಹಿಮ್’ ಅಂಟಿಕೊಂಡಿದೆ, ಹಾಗಾಗಿ ಟೋಲ್ಡ್. ನೆನಪಿಸೋದು, ಹಾಗಾಗಿ ರಿಮೈಂಡ್. ಏನನ್ನು? ಟಿಕೆಟನ್ನು, ಹಾಗಾಗಿ ರೇಝ್. ‘ಅವರು’ ನಿಮಗಿಂತ ಹಿರಿಯರಾದರೆ ಟೋಲ್ಡ್ ಬದಲು ಆಸ್ಕ್ಡ್ ಹಾಕಿ. ಟೋಲ್ಡ್ ಹಿಮ್ ಟು ಅಂದ್ರೆ ಅಪ್ಪಣೆ ಕೊಟ್ಟಂತಾಗುತ್ತೆ, ಮೇಲ್‌ನಲ್ಲಿ ಅವರೂ ಸಿಸಿಯಲ್ಲಿದ್ದರೆ ಕಷ್ಟ.